ಮುಚ್ಚಿದ ಬ್ಯಾಂಕಿಗೊಂದು ಶ್ರೀ

"ನಿಮ್ಮ ಬ್ಯಾಂಕಲ್ಲಿ ಸೇಲ್ ಹಾಕಿದ್ದಾರಲ್ಲ ಮಾರಾಯ! ನಂಗೊಂದು ಮಾತು ಹೇಳ್ಲಿಕ್ಕೆ ಆಗ್ಲಿಲ್ವಾ?"

ಬಹರೇನಿನ ಸೆಗಯಾದಲ್ಲಿ ನಮ್ಮ ಎದುರು ಮನೆಯಲ್ಲಿದ್ದ ಉಡುಪಿ ಕಡೆಯ ಅಕ್ಕ ಶನಿವಾರ ಬೆಳಿಗ್ಗೆ ತರಕಾರಿ ಚೀಲ ಹಿಡಿದುಕೊಂಡೇ ನಮ್ಮ ಬಾಗಿಲು ಬಡಿದರು. ಅವರಿಗೆ ಅರಬ್ಬಿ ಓದಲು ಬಾರದು. ಆದರೆ ಮನಾಮದ ಬಟ್ಟೆ ಅಂಗಡಿಗಳ ಗಾಜಿನ ಮೇಲೆ 'ತಸ್ಫಿಯಾ' ಎಂಬ ಪದ ಕಂಡರೆ ಮಾಲನ್ನು ಅಗ್ಗಕ್ಕೆ ಖಾಲಿ ಮಾಡುತ್ತಿದ್ದಾರೆ ಎಂದು ಅಕ್ಷರಗಳ ಆಕಾರ ನೋಡಿಯೇ ಹೇಳುವಷ್ಟು ಪಳಗಿದ್ದರು. ಅದೇ ಪದ ನಮ್ಮ ಬ್ಯಾಂಕಿನ ಬಾಗಿಲಿಗೆ ಅಂಟಿಸಿದ ಕಾಗದದಲ್ಲೂ ಇತ್ತಂತೆ.

ಆದರೆ ಬ್ಯಾಂಕಿನ ಬಾಗಿಲಲ್ಲಿ ಆ ಪದಕ್ಕೆ ಒಂದೇ ಅರ್ಥ. ಬ್ಯಾಂಕ್ ಮುಳುಗಿದೆ, ಇದ್ದಬದ್ದದ್ದನ್ನು ಮಾರಿ ಹಣ ಬರಬೇಕಾದವರಿಗೆ ಹಂಚುತ್ತಾರೆ. ಜಗತ್ತೆಲ್ಲ ಕುಸಿದು ಕೂತಿದ್ದ ಆ ವರ್ಷ ಆಫೀಸಿನಲ್ಲಿ ಗುಸುಗುಸು ಇತ್ತು, ನಿಜ. ಆದರೆ ಏಳು ವರ್ಷ ಅಲ್ಲಿನ ಲಾಕರ್ ವಿಭಾಗದಲ್ಲಿ ದುಡಿದವನಿಗೆ ಸುದ್ದಿ ಬಂದದ್ದು ನೋಡಿ, ರಿಯಾಯಿತಿ ಮಾರಾಟದ ವೇಷದಲ್ಲಿ!

ವಿಷಯ ತಿಳಿದೊಡನೆ ಅಕ್ಕ ಮೆಟ್ಟಿಲ ಮೇಲೆಯೇ ಕೂತುಬಿಟ್ಟರು. ಮಗಳ ಮದುವೆಯ ಒಡವೆಯೆಲ್ಲ ನಮ್ಮ ಲಾಕರಿನಲ್ಲಿತ್ತು, ಗುರುವಾರ ಊರಿಗೆ ಹೊರಡಬೇಕಿತ್ತು. ಒಡವೆ ಮನೆಯಲ್ಲಿಡಬೇಡಿ, ಬ್ಯಾಂಕಿನಷ್ಟು ಭದ್ರ ಬೇರೇನೂ ಇಲ್ಲ ಎಂದು ಬಾಯಿ ಬಡಿದುಕೊಂಡು ಒಪ್ಪಿಸಿದ ಮಹಾನುಭಾವ ನಾನೇ.

ಭಾನುವಾರ ಬೆಳಗಾಗುವುದೇ ತಡ, ಇಬ್ಬರೂ ಓಡಿದೆವು. ಬ್ಯಾಂಕನ್ನು ಮುಚ್ಚಲು ನೇಮಕವಾಗಿದ್ದ ಬಹರೇನಿನ ಹೆಂಗಸು ನನ್ನನ್ನು ಒಳಗೆ ಕರೆದು ಎರಡೇ ಮಾತು ಹೇಳಿದರು. ಲಾಕರಿನ ಸಾಮಾನು ಬ್ಯಾಂಕಿನ ಆಸ್ತಿಯಲ್ಲ, ವಾಪಸು ಕೊಡುತ್ತೇವೆ. ಆದರೆ ಈಗ ಹಾಕುವ ಸಹಿ ಲಾಕರ್ ತೆಗೆದಾಗಿನ ಕಾರ್ಡಿನ ಸಹಿಗೆ ಹೊಂದಲೇಬೇಕು, ಇಲ್ಲದಿದ್ದರೆ ಕೋರ್ಟು, ತಿಂಗಳುಗಟ್ಟಲೆ. ಕಾರ್ಡುಗಳನ್ನು ಹುಡುಕಿಕೊಡುವ ಕೆಲಸ ನನ್ನದಾಯಿತು. ನಾಚಿಕೆ ಬಿಟ್ಟು ಹೇಳುತ್ತೇನೆ, ನೌಕರಿ ಹೋದ ಆ ದಿನ ನನಗಿದ್ದ ಹುರುಪು ಏಳು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ. ಡ್ರಾಯರುಗಳನ್ನು ಎಳೆದೆಳೆದು, ಬೆವರು ಸುರಿಸುತ್ತಾ, ಅಕ್ಕನ ಕಾರ್ಡನ್ನು ಎಲ್ಲರಿಗಿಂತ ಮೊದಲು ತಂದೆ.

ಅಕ್ಕ ಕನ್ನಡದಲ್ಲಿ ಸಹಿ ಹಾಕಿದರು. ಆ ಹೆಂಗಸು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ ಅಡ್ಡಡ್ಡ ತಲೆಯಾಡಿಸಿದರು. ಕಾರ್ಡಿನಲ್ಲಿ ಹೆಸರಿನ ಮೇಲೆ ಇನ್ನೊಂದು ಗುರುತಿದೆ, ಇಲ್ಲಿ ಅದು ಎಲ್ಲಿ?

ನೋಡಿದರೆ, ಶ್ರೀ! ಹೊಸದಾಗಿ ಏನು ಬರೆದರೂ ಅಕ್ಕ ಮೊದಲು ನೆತ್ತಿಗೊಂದು ಶ್ರೀ ಹಾಕುವವರು. ಲಾಕರ್ ತೆಗೆದ ದಿನವೂ ಹಾಕಿದ್ದರು. ಅದು ಸಹಿಯ ಭಾಗವಾಗಿ ಕೂತುಬಿಡುತ್ತದೆಂದು ನನಗೂ ಹೊಳೆದಿರಲಿಲ್ಲ.

"ಅಕ್ಕಾ, ಮೇಲೆ ಶ್ರೀ ಹಾಕ್ರಿ!"

"ಎಂತ ಹೇಳ್ತಿ ನೀನು? ಮುಚ್ಚಿದ ಬ್ಯಾಂಕಿನ ಕಾಗದಕ್ಕೆ ಶ್ರೀ ಬರೀಲಿಕ್ಕುಂಟಾ? ಮದುವೆ ಮನೆಯವಳು ನಾನು. ಆಗ್ಲಿಕ್ಕಿಲ್ಲ."

ಹಿಂದೆ ಸಾಲಿನಲ್ಲಿದ್ದವರು ಗೊಣಗತೊಡಗಿದರು. ನನ್ನ ದಾವಣಗೆರೆ ದನಿ ತಾನಾಗಿಯೇ ಏರಿತು. "ಬ್ಯಾಂಕು ಹಾಳಾಗಿ ಹೋಗ್ಲಿ ಬಿಡ್ರಿ! ಮಗಳ ಮದುವೆಯ ಮೊದಲ್ನೇ ಕಾಗದ ಇದೇ ಅಂತ ತಿಳ್ಕೊಂಡು ಬರೀರಿ!"

ಅಕ್ಕ ನನ್ನ ಮುಖ ನೋಡಿದರು. ಕಣ್ಣು ಮುಚ್ಚಿ ತೆರೆದು, ಹೊಸ ಕಾಗದದ ಮೇಲೆ ದುಂಡಗೆ ಶ್ರೀ ಬರೆದು ಸಹಿ ಹಾಕಿದರು. ಆ ಹೆಂಗಸು ಎರಡು ಸಲ ನೋಡಿ ಹೂಂ ಎಂದರು. ಲಾಕರಿನಲ್ಲಿ ಎರಡು ಕೀಲಿಗಳು ತಿರುಗಿ ಪೆಟ್ಟಿಗೆ ಹೊರಬಂದಾಗ ನಾನು ಚಪ್ಪಾಳೆಯನ್ನೇ ತಟ್ಟಿಬಿಟ್ಟೆ.

ಒಡವೆಯ ಚೀಲ ಎದೆಗವಚಿಕೊಂಡು ಹೊರಬರುವಾಗ ಅಕ್ಕನ ಮುಖಕ್ಕೆ ಕಳೆ ಮರಳಿತ್ತು. ಹಜಾರದಲ್ಲಿ ಮೇಜು, ಕುರ್ಚಿಗಳಿಗೆಲ್ಲ ನಂಬರಿನ ಚೀಟಿ ಅಂಟಿಸಿದ್ದರು.

"ಸೇಲ್ ಅಲ್ಲಾಂತ ಹೇಳಿದ್ದಿ ಅಲ್ವಾ? ಇದೆಂತ ಮತ್ತೆ? ಆ ನೀಲಿ ಕುರ್ಚಿ ಎಷ್ಟಕ್ಕೆ ಬಿಡ್ತಾರೆ ಕೇಳು ತಮ್ಮ. ಕೈ ಇಡುವಲ್ಲಿ ಸವೆದಿದೆ, ಸ್ವಲ್ಪ ಕಡಿಮೆ ಮಾಡ್ಲಿ."

ಕೇಳಲು ಹೋದೆ. ಅದನ್ನು ಸವೆಸಿದ್ದು ನನ್ನ ಮೊಣಕೈ.