ಅಪ್ಪ ಕುದಿಸಿ ಕುಡಿದ ಎಲೆ

ಕೋವಿಡ್ ಕಳೆದ ಮರುವರ್ಷ. ನಾನು ಸೇಡಂನಲ್ಲಿ ಫಾರ್ಮಕಾಲಜಿ, ಅಂದರೆ ಔಷಧ ದೇಹದೊಳಗೆ ಏನು ಮಾಡುತ್ತದೆಂಬ ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದೆ. ಅಲ್ಲೇ ಹತ್ತಿರದ ಮುಧೋಳ ಎಂಬ ಊರಿನ ರೇಣುಕಾ ನನ್ನ ಬಳಿ ಪಿಎಚ್.ಡಿ. ಮಾಡುತ್ತಿದ್ದಳು. ಕುಂಚಾವರಂ ಕಾಡಂಚಿನ ಒಂದು ಗಿಡದ ಎಲೆ ರಕ್ತದ ಸಕ್ಕರೆಯನ್ನು ಇಳಿಸುತ್ತದೆಯೇ ಎಂಬುದು ಅವಳ ಪ್ರಶ್ನೆ. ಗಿಡದ ಹೆಸರನ್ನು ಬೇಕೆಂದೇ ಬರೆಯುತ್ತಿಲ್ಲ. ಲ್ಯಾಬಿನಲ್ಲಿ ಜಾಗ ಸಾಲದೆ ಎಲೆಯನ್ನು ಮನೆಯ ಪಡಸಾಲೆಯಲ್ಲಿ ಒಣಗಿಸುತ್ತಿದ್ದಳು. ಅದು ಗಾಳಿಗೆ ಹಾರದಂತೆ ಕಾಯುತ್ತಿದ್ದವರು ಅವಳ ಅಪ್ಪ ಶರಣಪ್ಪ. ಅವರಿಗೆ ಸಕ್ಕರೆ ಕಾಯಿಲೆ, ದಿನವೂ ಅದಕ್ಕೆ ಗುಳಿಗೆ ನುಂಗುತ್ತಿದ್ದರು.

ಇಲಿಗಳಲ್ಲಿ ಸಕ್ಕರೆ ಚೆನ್ನಾಗಿ ಇಳಿದ ದಿನ ರೇಣುಕಾ ಸಂತೋಷ ತಡೆಯಲಾರದೆ ಮನೆಯಲ್ಲಿ ಹೇಳಿದ್ದಳು. ಅದಾದ ಕೆಲವು ದಿನಕ್ಕೆ, ಬೆಳಿಗ್ಗೆ ಲ್ಯಾಬಿನಲ್ಲಿ ಅವಳಿಗೆ ಫೋನ್ ಬಂತು. ಕೇಳುತ್ತಲೇ ನನ್ನತ್ತ ತಿರುಗಿದಳು.

"ಅಪ್ಪ ಬಿದ್ದಾನ್ರಿ ಮೇಡಂ. ಎಲಿ ಕುದಿಸಿ ಕುಡ್ದಾನಂತ. ಗುಳಿಗಿನೂ ತಗೊಂಡಾನ."

ಫೋನನ್ನು ನಾನೇ ತೆಗೆದುಕೊಂಡೆ. ಅವಳ ತಾಯಿ ಅಳುತ್ತಿದ್ದರು. ಶರಣಪ್ಪ ಬೆವೆತು ತೊಯ್ದಿದ್ದಾರೆ, ಮಾತು ತೊದಲುತ್ತಿದೆ, ಆದರೆ ನೀರು ನುಂಗುತ್ತಾರೆ ಎಂದರು.

"ಅಕ್ಕಾ, ಲಗೂನ ನೀರಾಗ ಸಕ್ಕರಿ ಕಲಿಸಿ ಕುಡಸ್ರಿ."

"ಸಕ್ಕರಿ ಬ್ಯಾನಿ ಅದರಿ ಅವರಿಗಿ! ಸಕ್ಕರಿ ಹ್ಯಾಂಗ ಕೊಡ್ಲಿ?"

"ಈಗ ಸಕ್ಕರೀನೇ ಔಷಧ. ಕೊಟ್ಟು, ಗಾಡಿ ಮಾಡ್ಕೊಂಡು ಸೇಡಂ ದವಾಖಾನಿಗಿ ಬರ್ರಿ."

ರಕ್ತದ ಸಕ್ಕರೆ ಅತಿಯಾಗಿ ಕುಸಿಯುವುದಕ್ಕೆ ಹೈಪೊಗ್ಲೈಸೀಮಿಯಾ ಎನ್ನುತ್ತೇವೆ. ಮಿದುಳು ಅದನ್ನು ಬಹಳ ಹೊತ್ತು ತಾಳದು. ನಾವಿಬ್ಬರೂ ಆಸ್ಪತ್ರೆಯ ಬಾಗಿಲಲ್ಲಿ ನಿಂತು ದಾರಿ ಕಾದೆವು. ಸಿಮೆಂಟ್ ಲಾರಿಗಳು ಒಂದರ ಹಿಂದೊಂದು ಬಂದವು, ಅವರ ಜೀಪು ಬರಲಿಲ್ಲ. ಫೋನೂ ಹತ್ತಲಿಲ್ಲ. "ನನ್ನ ಕೈಯಾರೆ ತಂದಿಟ್ಟೀನ್ರಿ," ಎಂದು ರೇಣುಕಾ ಅದೊಂದೇ ಮಾತು ಹೇಳುತ್ತಿದ್ದಳು. ಆ ತಾಯಿ ಸಕ್ಕರೆ ಕೊಟ್ಟರೋ, ಹೆದರಿ ಬಿಟ್ಟರೋ ಎಂಬುದು ನನಗೆ ತಿಳಿಯುವಂತಿರಲಿಲ್ಲ.

ಕೊಟ್ಟಿದ್ದರು. ಶರಣಪ್ಪ ಹೆಂಡತಿಯ ಹೆಗಲು ಹಿಡಿದು ಜೀಪಿನಿಂದ ಇಳಿದರು. ಗ್ಲುಕೋಸ್ ಏರಿಸಿದ ಮೇಲೆ ಎದ್ದು ಕುಳಿತು, "ಆರಾಮಾಗೀನಿ, ಮನಿಗಿ ಹೋಗಮು ನಡ್ರಿ," ಎಂದು ಕಾಲಿನಿಂದ ಚಪ್ಪಲಿ ತಡಕಿದರು.

ಅಲ್ಲಿಯತನಕ ಗೋಡೆಗೆ ಒರಗಿ ನಿಂತಿದ್ದ ರೇಣುಕಾ ಮುಂದೆ ಬಂದಳು. "ಎಲ್ಲೀನೂ ಹೋಗಾದಿಲ್ಲಪ್ಪ. ಆ ಗುಳಿಗಿ ಇನ್ನಾ ಮೈಯಾಗ ಅದ. ಸಕ್ಕರಿ ಮತ್ತ ಇಳೀತದ." ಯಾವ ಗುಳಿಗೆ, ಎಷ್ಟು ಎಲೆ ಎಂಬುದನ್ನು ವೈದ್ಯರಿಗೆ ತಾನೇ ವಿವರಿಸಿದಳು. ಅವರು ಒಪ್ಪಿ ಉಳಿಸಿಕೊಂಡರು. ಇಳಿಹೊತ್ತಿಗೆ ಸಕ್ಕರೆ ಮತ್ತೆ ಕುಸಿಯಿತು. ಡ್ರಿಪ್ ಇದ್ದುದರಿಂದ ಶರಣಪ್ಪ ಉಳಿದರು.

ಅವರು ಮನೆ ಸೇರಿದ ಮೇಲೆ ರೇಣುಕಾ ಸಂಶೋಧನೆ ಬಿಡುತ್ತೇನೆಂದಳು. ನಾನು ಒಂದೇ ಪ್ರಶ್ನೆ ಕೇಳಿದೆ: "ಇದು ಎಲಿಯಿಂದ ಆಯ್ತೋ, ಗುಳಿಗಿಯಿಂದಷ್ಟೇ ಆಯ್ತೋ?" ಅಂದು ಶರಣಪ್ಪ ರೊಟ್ಟಿ ತಿಂದಿರಲಿಲ್ಲ, ಬರೀ ಹೊಟ್ಟೆಯಲ್ಲಿ ಸಕ್ಕರೆ ಕುಸಿಯಲು ಆ ಗುಳಿಗೆಯೊಂದೇ ಸಾಕು. "ಗೊತ್ತಿಲ್ರಿ," ಎಂದಳು. ಮರುವಾರ ಲ್ಯಾಬಿಗೆ ಬಂದಳು. ಎಲೆ, ಗುಳಿಗೆ ಎರಡನ್ನೂ ಒಟ್ಟಿಗೆ ಕೊಟ್ಟಾಗ ಇಲಿಗಳಲ್ಲಿ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಿತು. ಅದು ಪ್ರಬಂಧದ ಹೊಸ ಅಧ್ಯಾಯವಾಯಿತು. ಮನುಷ್ಯರ ವಿಷಯದಲ್ಲಿ ಇದರಿಂದ ಏನನ್ನೂ ಖಚಿತವಾಗಿ ಹೇಳಲಾಗದೆಂದೂ ಅವಳೇ ಬರೆದಳು. ಈಗ ಅವಳು ಔಷಧಗಳ ಅಡ್ಡಪರಿಣಾಮ ಗಮನಿಸುವ ಕೆಲಸದಲ್ಲಿದ್ದಾಳೆ.

ಆಮೇಲೆ ಬಂದ ಪ್ರತಿ ವಿದ್ಯಾರ್ಥಿಯೂ ತನ್ನ ಸಂಶೋಧನೆಯನ್ನು ಮನೆಯವರಿಗೆ ಹೇಗೆ ಹೇಳುವೆನೆಂದು ಮನೆಮಾತಿನಲ್ಲೇ ನನ್ನೆದುರು ಹೇಳಿ ತೋರಿಸಬೇಕೆಂದು ನಿಯಮ ಮಾಡಿದೆ. ಎಷ್ಟು ಗೊತ್ತಾಗಿದೆ, ಎಷ್ಟು ಗೊತ್ತಿಲ್ಲ, ಎರಡೂ. ಮೊದಲನೆಯದನ್ನು ಎಲ್ಲರೂ ಸಲೀಸಾಗಿ ಹೇಳುತ್ತಾರೆ, ಎರಡನೆಯದಕ್ಕೆ ತಡವರಿಸುತ್ತಾರೆ. ನಮ್ಮ ಅರ್ಧ ಮಾತನ್ನು ಮೊದಲು ನಂಬಿ ನುಂಗುವವರು ನಮ್ಮನ್ನು ಓದಿಸಿದವರೇ.