ಮೇಸ್ತ್ರಿಯ ಬಾಯಿಗೆ ಎಲೆಅಡಿಕೆ

"ಎಷ್ಟು ತಿಂಗ್ಳಮ್ಮ?"

ಮಳವಳ್ಳಿಯ ಒಂದು ಪುಟ್ಟ ರೇಷ್ಮೆ ಕಾರ್ಖಾನೆಯ ಮೇಸ್ತ್ರಿ ಚಿಕ್ಕಬೋರಯ್ಯ, ಕೆಲಸ ಕೇಳಿಕೊಂಡು ಬಂದ ದೊಡ್ಡತಾಯಮ್ಮನ ಹೊಟ್ಟೆ ನೋಡಿ ಕೇಳಿದ. ಹಿಂದೆ ಇಪ್ಪತ್ತು ಹೆಂಗಸರ ಸಾಲು. ದೊಡ್ಡತಾಯಮ್ಮ ಮಡಿಲು ಬಿಚ್ಚಿದಳು. ಎರಡು ಸೇರು ಅವರೆಕಾಯಿ ದಬದಬನೆ ಮೇಜಿನ ಮೇಲೆ ಸುರಿಯಿತು.

"ಬಿತ್ತಿ ನಾಕು ತಿಂಗ್ಳಾತು ಕಣಪ್ಪ. ನಿಮ್ಮನೆಗೆ ಅಂತ್ಲೇ ತಂದಿದ್ದೆ. ಅದಿರ್ಲಿ, ನಿಂಗೆಷ್ಟು ಈಗ?"

ಮೇಸ್ತ್ರಿಯ ಹೊಟ್ಟೆ ಮೇಸ್ತ್ರಿಗಿಂತ ಒಂದು ಗೇಣು ಮುಂದೆಯೇ ಕೆಲಸಕ್ಕೆ ಬರುತ್ತಿತ್ತು. ಹೆಂಗಸರು ನಕ್ಕ ಅಬ್ಬರಕ್ಕೆ ಮ್ಯಾನೇಜರು ಕೋಣೆಯಿಂದ ಓಡಿಬಂದರು. ಯುದ್ಧದ ಕಾಲ, ಪ್ಯಾರಾಚೂಟಿಗೆ ರೇಷ್ಮೆ ಸಾಲದು, ನೂಲು ತೆಗೆಯುವ ಕೈ ಸಾಲದು. ವಿಷಯ ತಿಳಿದು ಅವರು ಕೆಂಡವಾದರು.

"ಜಾತಿ, ಊರು, ಗಂಡ, ಮಕ್ಕಳು, ಹೊಟ್ಟೆ, ಯಾವುದನ್ನೂ ಕೇಳಕೂಡದು. ಕೆಲಸ ಬರುತ್ತದೆಯೇ, ಅಷ್ಟೇ! ಇನ್ನೊಂದು ಸಲ ಕೇಳಿದೆಯೋ, ನಿನ್ನ ಕುರ್ಚಿಗೆ ಬೇರೆಯವನನ್ನು ಕರೆಯುತ್ತೇನೆ."

ದೊಡ್ಡತಾಯಮ್ಮನಿಗೆ ಅಂದೇ ಕೆಲಸ ಸಿಕ್ಕಿತು. ಅವರೆಕಾಯಿ ಅವಳ ಮನೆಗೇ ವಾಪಸು ಹೋಯಿತು.

ಮೇಸ್ತ್ರಿಯ ಕಷ್ಟ ಮ್ಯಾನೇಜರಿಗೇನು ಗೊತ್ತು? ಬಸ್ಸಿನಲ್ಲಿ ಪಕ್ಕ ಕೂತವರನ್ನೂ ಯಾವೂರು, ಯಾರ ಪೈಕಿ, ಎಷ್ಟು ಮಕ್ಕಳು ಎಂದು ಕೇಳುವುದು ನಮ್ಮ ಕಡೆ ನಮಸ್ಕಾರವಿದ್ದಂತೆ. ಗೂಡಿನ ಎಳೆ ತೆಗೆಯಲು ಬಂದವರಿಂದ ಚಿಕ್ಕಬೋರಯ್ಯ ಇಷ್ಟು ದಿನ ನೆಂಟಸ್ತನದ ಎಳೆ ತೆಗೆಯುತ್ತಿದ್ದ. ಕೊಪ್ಪದವಳೆಂದರೆ ಅತ್ತೆಯ ಕಡೆ, ಕೊತ್ತತ್ತಿಯವಳೆಂದರೆ ಭಾವನ ಕಡೆ. ಎಳೆ ಸಿಕ್ಕಿದರೆ ಕೆಲಸ, ಸಿಗದಿದ್ದರೆ "ಮುಂದಿನ್ ವಾರ ಬಾ."

ಈಗ ಕುರ್ಚಿ ಉಳಿಯಬೇಕಾದರೆ ನಾಲಿಗೆ ಮಲಗಬೇಕು. ಅದಕ್ಕೆ ಅವನು ಸಾಲು ಶುರುವಾಗುವ ಮೊದಲೇ ಬಾಯಿ ತುಂಬ ಎಲೆಅಡಿಕೆ ತುಂಬಿಕೊಳ್ಳತೊಡಗಿದ. ಬಂದವರ ಮುಂದೆ ಬಿಸಿನೀರಿನ ಬಟ್ಟಲು, ಅದರಲ್ಲಿ ಐದು ಗೂಡು. ಎಳೆ ತುಂಡಾಗದೆ ಬಂದರೆ ಮೇಸ್ತ್ರಿಯ ತಲೆ ಮೇಲೆ ಕೆಳಗೆ ಆಡುತ್ತಿತ್ತು. ತುಂಡಾದರೆ ಎಡಕ್ಕೆ ಬಲಕ್ಕೆ.

ಒಂದು ದಿನ ದೇವಿರಮ್ಮ ಎಂಬ ವಿಧವೆ ಬಟ್ಟಲಿಗೆ ಕೈಯಿಡದೆ ನಿಂತಳು.

"ನಾ ಯಾವ ಕೇರಿಯೋಳು ಅಂತ ಕೇಳಾಕಿಲ್ವಾ? ಆಮ್ಯಾಕೆ ಓಗು ಅನ್ಬ್ಯಾಡಿ. ಈಗ್ಲೇ ಯೋಳ್ಬುಡ್ತೀನಿ..."

"ಯೋಳ್ಬ್ಯಾಡ ಕಣಮ್ಮ!" ಮೇಸ್ತ್ರಿ ಕಿವಿ ಮುಚ್ಚಿಕೊಂಡು ಕೂಗಿದ. ಕೆಂಪು ರಸ ಮೇಜಿನ ಮೇಲೆಲ್ಲ ಸಿಡಿಯಿತು. "ನನ್ ಕೆಲ್ಸ ಓಯ್ತದೆ!"

ಅವಳ ಐದು ಎಳೆಯಲ್ಲಿ ಒಂದೂ ತುಂಡಾಗಲಿಲ್ಲ. ಕೆಂಪಾದ ಮೇಜಿನ ಹಿಂದೆ ಮೇಸ್ತ್ರಿಯ ತಲೆ ಮೇಲೆ ಕೆಳಗೆ ಆಡಿತು.

ವರ್ಷದೊಳಗೆ ನೂಲು ಎರಡರಷ್ಟಾಯಿತು. ಮ್ಯಾನೇಜರಿಗೆ ಬಡ್ತಿಯ ಮೇಲೆ ವರ್ಗವೂ ಆಯಿತು. ಹೊರಡುವ ದಿನ ಮೇಸ್ತ್ರಿಯನ್ನು ಕರೆದರು.

"ನಾಳೆಯಿಂದ ನಾನಿರುವುದಿಲ್ಲ. ಮತ್ತೆ ಕೇಳಲು ಶುರುಮಾಡುತ್ತೀಯೋ?"

"ಸತ್ರೂ ಇಲ್ಲ ಬುದ್ದಿ."

ಮ್ಯಾನೇಜರ ಕಣ್ಣು ತೇವವಾಯಿತು. "ಮನುಷ್ಯರೆಲ್ಲ ಒಂದೇ ಎಂದು ಮನವರಿಕೆಯಾಯಿತಲ್ಲವೆ?"

ಚಿಕ್ಕಬೋರಯ್ಯ ಕಿಟಕಿಗೆ ಹೋಗಿ ಬಾಯಿ ಖಾಲಿ ಮಾಡಿ ಬಂದ.

"ಅದೆಲ್ಲ ನಂಗೊತ್ತಿಲ್ಲ. ಮೊದ್ಲು ಕೇಳ್ಕೇಳಿ ಸೇರ್ಸಿದ್ದೋರೆಲ್ಲ ನನ್ ನೆಂಟ್ರು. ಬೈದ್ರೆ ಸಂಜೆಗೆ ನಮ್ಮನೆ ಜಗ್ಲಿ ಮ್ಯಾಲೆ ಪಂಚಾಯ್ತಿ. ಈಗ್ನೋರು ಯಾರ ಪೈಕಿ ಅಂತ ಗೊತ್ತಿಲ್ಲ, ಆರಾಮಾಗಿ ಬೈಬೌದು."