ಅಜ್ಜನ ಪಡಿಯಚ್ಚು

ಸೆಬು ದ್ವೀಪದ ದನಾವ್ ಊರಿನ ಮೇಲಿನ ಗುಡ್ಡದಲ್ಲಿ ಪಿಸ್ತೂಲು ಮಾಡದ ಮನೆ ಹುಡುಕಲು ಹೊರಟರೆ ಚಪ್ಪಲಿ ಸವೆದೀತು. ಮೆಕ್ಕೆಜೋಳ ಬೀಸುವ ಸದ್ದಿನ ಜೊತೆಗೆ ಕಬ್ಬಿಣಕ್ಕೆ ಅರ ಉಜ್ಜುವ ಸದ್ದೂ ಕೇಳಿಸದಿದ್ದರೆ ಅಲ್ಲಿನ ಮಕ್ಕಳಿಗೆ ಬೆಳಗಾಯಿತೆಂದೇ ಅನ್ನಿಸುವುದಿಲ್ಲ. ಅಂಥ ಗುಡ್ಡದಲ್ಲೂ ಪ್ರಿಮಿತಿವೊ ಎಂಬಾತನ ಹೆಸರಿಗೆ ಒಂದು ತೂಕವಿತ್ತು. ಪೂರ್ತಿ ಹೆಸರು ಪಾದ್ರಿಯ ಬಾಯಲ್ಲಿ ಮಾತ್ರ. ಊರಿಗೆಲ್ಲ ಆತ ತಿಬೊ, ಕಿರಿಯರಿಗೆ ನೊಂಗ್ ತಿಬೊ, ಎಂದರೆ ತಿಬಣ್ಣ.

ಆ ತೂಕಕ್ಕೆ ಕಾರಣ ಅವನ ಮನೆಯ ಅಜ್ಜ. ಅಜ್ಜ ಎಂದರೆ ಮನುಷ್ಯನಲ್ಲ, ಒಂದು ಪಿಸ್ತೂಲು. ಯುದ್ಧದ ಕಾಲದಲ್ಲಿ ಜಪಾನೀಯರ ಕಣ್ಣು ತಪ್ಪಿಸಿ ಗುಡ್ಡ ಹತ್ತಿದ್ದ ಅಮೆರಿಕದ ಸೈನಿಕನೊಬ್ಬನನ್ನು ತಿಬೊನ ಅಪ್ಪ ಜೋಳದ ಕಣಜದಲ್ಲಿ ಬಚ್ಚಿಟ್ಟು ಸಾಕಿದ್ದ. ಹೊರಡುವಾಗ ಆತ ಸೊಂಟದ ಪಿಸ್ತೂಲನ್ನೇ ಬಿಚ್ಚಿ ಕೈಗಿಟ್ಟ. ಅಪ್ಪ ಅದರ ಒಂದೊಂದು ಭಾಗವನ್ನೂ ತಗಡಿನ ಮೇಲಿಟ್ಟು, ಗೆರೆ ಎಳೆದು, ಅಚ್ಚು ಕತ್ತರಿಸಿಕೊಂಡ. ಮೊದಲು ಅಪ್ಪ, ಅವನ ತರುವಾಯ ತಿಬೊ, ಆ ಅಚ್ಚುಗಳಿಗೆ ಕೂದಲೆಳೆ ಹೆಚ್ಚುಕಡಿಮೆಯಾಗದಂತೆ ಉಜ್ಜಿ ಮಾಡಿದ ಪಿಸ್ತೂಲುಗಳೆಲ್ಲ ಅಜ್ಜನ ಮಕ್ಕಳು ಎನಿಸಿಕೊಂಡವು. ಗುಡ್ಡದ ಮಿಕ್ಕವರು ನಕಲಿನ ನಕಲು ಮಾಡುತ್ತಿದ್ದರೆ ತಿಬೊ ಮಾಡುತ್ತಿದ್ದುದು ಅಸಲಿನ ನಕಲು. ಕೊಳ್ಳಲು ಬಂದವರ ಮೊದಲ ಮಾತೇ, “ಅಜ್ಜನ ಮಗನೇ ತಾನೆ?”

ಕೊಂಕು ತೆಗೆಯುವವರೂ ಇದ್ದರೆನ್ನಿ. ಒಮ್ಮೆ ಕೆಳಗಿನ ಕೇರಿಯ ಒಬ್ಬ ಬಂದು ಪಿಸ್ತೂಲನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, “ಏನೇ ಹೇಳು ನೊಂಗ್, ನಕಲು ನಕಲೇ,” ಎಂದ.

“ನಿಮ್ಮಪ್ಪ ಹಾಕ್ಕೊಂಡಿದಾನಲ್ಲ ಹಲ್ಲಿನ ಸೆಟ್ಟು, ಅದೇನು ಅಸಲಾ?” ತಿಬೊ ಕೈಕೆಲಸ ನಿಲ್ಲಿಸದೆ ಕೇಳಿದ. “ಮೊನ್ನೆ ಮದುವೇಲಿ ಹಂದಿ ಚರ್ಮ ಕಟಕಟ ಅಂತ ಅಗೀತಿದ್ನಲ್ಲಪ್ಪಾ. ಅಸಲೇ ಬೇಕು ಅಂದ್ರೆ ಎಮ್ಮೆ, ಗದ್ದೆ ಎರಡೂ ಮಾರ್ಕೊಂಡು ಬಾ.”

ಅವನು ದುಡ್ಡೆಣಿಸಿ ಕೊಂಡುಹೋದ.

ತಿಬೊಗೆ ಒಬ್ಬಳೇ ಮಗಳು, ಸಿಮಾ. ತಾಯಿ ಚಿಕ್ಕಂದಿನಲ್ಲೇ ತೀರಿಕೊಂಡಿದ್ದಳು. ಸಿಮಾ ಮೆಚ್ಚಿದವನು ಪಿದ್ಯೊ, ಬಂದರಿನಿಂದ ಸೆಬು ಪಟ್ಟಣದ ಮಾರುಕಟ್ಟೆಗೆ ಮೀನಿನ ಲಾರಿ ಓಡಿಸುವವನು. ಮೈತುಂಬ ಮೀನಿನ ವಾಸನೆ, ಬಾಯಿತುಂಬ ನಗು. ಮದುವೆಗೆ ಮುಂಚೆ ಹಳೆಯ ಪದ್ಧತಿಯಂತೆ ಹೆಣ್ಣಿನ ಮನೆಗೆ ನೀರು ಹೊತ್ತ, ಸೌದೆ ಒಡೆದ. ತಿಬೊ ಬೇಕೆಂದೇ ಗಂಟುಗಂಟಿನ ಕೊರಡು ತಂದು ಹಾಕಿದರೂ ಹುಡುಗ ಮುಖ ಗಂಟಿಕ್ಕಲಿಲ್ಲ. ಬರಬರುತ್ತ ಮಾವನಿಗೆ ಅಳಿಯನ ಮೇಲೆ ಎಷ್ಟು ಜೀವವಾಯಿತೆಂದರೆ, ಅವನ ಲಾರಿಯ ಹಾರ್ನು ತಿರುವಿನಲ್ಲಿ ಕೇಳಿಸದ ಹೊರತು ಊಟಕ್ಕೆ ಏಳುತ್ತಿರಲಿಲ್ಲ. ಮದುವೆಯ ದಿನ ತಾನು ಮಾಡಿದವುಗಳಲ್ಲೇ ಚೆಂದದ ಪಿಸ್ತೂಲಿಗೆ ಎಮ್ಮೆಕೊಂಬಿನ ಹಿಡಿ ಕೂರಿಸಿ ಅಳಿಯನ ಸೊಂಟಕ್ಕೆ ತಾನೇ ಸಿಕ್ಕಿಸಿದ. ಮೀನು ಮಾರಿದ ದುಡ್ಡಿಗಾಗಿ ದರೋಡೆಕೋರರು ಲಾರಿಗಳನ್ನು ಅಡ್ಡಗಟ್ಟುತ್ತಿದ್ದ ಕಾಲವದು.

ಆ ವರ್ಷವೇ ಮನಿಲಾ ಕಡೆಯ ಯಾವುದೋ ಕಾರ್ಖಾನೆಯ ಪಿಸ್ತೂಲು ಸೆಬುವಿನ ಅಂಗಡಿಗೆ ಬಂತು. ಅದೂ ಅಜ್ಜನ ಜಾತಿಯದೇ, ಹಳೆಯ ಅಮೆರಿಕನ್ ಸೈನ್ಯದ ಪಿಸ್ತೂಲಿನ ನಕಲು. ಆದರೆ ಯಂತ್ರದಲ್ಲಿ ಮಾಡಿದ್ದು. ಬಡವರ ಕೈಗೂ ಎಟಕುವ ಬೆಲೆ, ಮೇಲೆ ಸರ್ಕಾರದ ಪರವಾನಗಿ. ಗುಡ್ಡದ ಸೇಂದಿ ಅಂಗಡಿಯಲ್ಲಿ ಅದು ಕೊಟ್ಟ ಕಾಸಿಗೆ ಬಾಳುತ್ತದೋ ಇಲ್ಲವೋ ಎಂಬುದನ್ನು ಬಿಟ್ಟರೆ ಬೇರೆ ಮಾತಿಲ್ಲ. ತಿಬೊ ಅದರ ಹೆಸರೆತ್ತಿದರೆ ಉಗಿಯುತ್ತಿದ್ದ. ಹೊಟ್ಟೆಯ ಮೇಲೆ ಹೊಡೆಯಲು ಬಂದದ್ದನ್ನು ಯಾರು ಹೊಗಳುತ್ತಾರೆ?

ಒಂದು ಭಾನುವಾರ ಸಿಮಾ ಒಲೆಯ ಮುಂದೆ ಒಣಮೀನು ಸುಡುತ್ತಿದ್ದಳು. ಮಾವ ಅಳಿಯ ಮೆಟ್ಟಿಲ ಮೇಲೆ ಕೂತಿದ್ದರು.

“ಮಾವ, ಕಾರ್ಖಾನೇದನ್ನ ಅಂಗಡೀಲಿ ಕೈಯಲ್ಲಿ ಹಿಡಿದು ನೋಡ್ದೆ,” ಎಂದ ಪಿದ್ಯೊ.

“ಹೆಂಗಿತ್ತು ಸೋಪಿನ ಡಬ್ಬಿ?”

“ಚೆನ್ನಾಗೇ ಇದೆ. ಒಂದು ಕೇಳ್ಬೇಕಿತ್ತು. ಗುಂಡಿಗೆ ಬಡಿಯೋ ಕುದುರೆ ಇದೆಯಲ್ಲ, ಅದನ್ನ ಮೆಲ್ಲಗೆ ಹಿಂದಕ್ಕೆಳೆದ್ರೆ ನಡುವೆ ಒಂದ್ಸಲ ಟಿಕ್ ಅಂತ ನಿಲ್ಲುತ್ತೆ, ಕೊನೇಲಿ ಇನ್ನೊಂದ್ಸಲ. ನಮ್ದು ಕೊನೇಲಿ ಮಾತ್ರ ನಿಲ್ಲೋದು. ಪಿಸ್ತೂಲು ಕೆಳಗೆ ಬಿದ್ದು ಕುದುರೆ ಜಾರಿದ್ರೆ ಆ ನಡುವಿನ ಕಚ್ಚೇ ಹಿಡಿಯೋದಂತೆ. ಇಲ್ದಿದ್ರೆ ಗುಂಡು ಹಾರುತ್ತೆ ಅಂದ ಅಂಗಡಿಯವನು.”

ತಿಬೊ ಎದ್ದು ಒಳಗೆ ಹೋಗಿ, ಎಣ್ಣೆಬಟ್ಟೆಯಲ್ಲಿ ಸುತ್ತಿಟ್ಟ ಅಜ್ಜನನ್ನು ತಂದು, ಅಳಿಯನ ಕಿವಿಯ ಹತ್ತಿರ ಕುದುರೆ ಎಳೆದ.

“ಎಷ್ಟು ಕೇಳಿಸ್ತು?”

“ಒಂದೇ.”

“ಇದು ಅಮೆರಿಕದ್ದು. ಯುದ್ಧ ಕಂಡಿದ್ದು. ಇದರಲ್ಲಿ ಇಲ್ಲದ್ದು ಅವನಿಗೆ ಎಲ್ಲಿಂದ ಬಂತು? ಗಿರಾಕಿ ಹಿಡಿಯೋಕೆ ಏನೋ ಒಂದು ಸೇರಿಸಿದಾನೆ. ಅಜ್ಜನಿಗೇ ಕೆಮ್ಮು ಕಲಿಸ್ತಾನಂತೆ! ಬೇಕಾದ್ರೆ ಅದನ್ನೇ ತಗೋ. ಮಾವ ಕೊಟ್ಟಿದ್ದನ್ನ ಕೋಳಿಗೂಡಿಗೆ ಅಗುಳಿ ಮಾಡ್ಕೋ.”

“ಅಯ್ಯೋ, ಹಂಗಲ್ಲ ಮಾವ,” ಪಿದ್ಯೊ ನಕ್ಕುಬಿಟ್ಟ. “ನಿಮಗೆ ಗೊತ್ತಿರುತ್ತೆ ಅಂತಾನೇ ಕೇಳಿದ್ದು.”

ಮಾತು ಅಲ್ಲಿಗೆ ಮುಗಿಯಿತು. ಊಟಕ್ಕೆ ಎದ್ದರು.

ಮಳೆ ಹಿಂದೆಗೆದ ಮೇಲೆ ಒಂದು ಬೆಳಗ್ಗೆ ಬಂದರಿನಲ್ಲಿ ಪಿದ್ಯೊ ಮೀನಿನ ಪೆಟ್ಟಿಗೆ ಎತ್ತಲು ಬಗ್ಗಿದ. ಎಮ್ಮೆಕೊಂಬಿನ ಹಿಡಿಯ ಪಿಸ್ತೂಲು ಸೊಂಟದಿಂದ ಜಾರಿ ಸಿಮೆಂಟಿನ ಮೇಲೆ ಬಿತ್ತು. ಒಂದೇ ಒಂದು ಸದ್ದು. ಪಕ್ಕದಲ್ಲಿದ್ದವರು ಲಾರಿಯ ಚಕ್ರ ಸಿಡಿಯಿತೆಂದುಕೊಂಡರು. ಪಿದ್ಯೊ ಸುಸ್ತಾದವನ ಹಾಗೆ ಚಕ್ರಕ್ಕೆ ಒರಗಿ ಕೂತ, ಮತ್ತೆ ಏಳಲಿಲ್ಲ. ಎಂಥ ಹುಡುಗ!

ಶವಪೆಟ್ಟಿಗೆಯನ್ನು ಮಾವನ ಮನೆಯಲ್ಲೇ ಇಟ್ಟರು. ಜಾಗರಣೆಗೆ ಬಂದವರು ಅಂಗಳದಲ್ಲಿ ಇಸ್ಪೀಟು ಹಾಕಿಕೊಂಡು ಕೂತರು. ಪಕ್ಕದ ಮನೆಯ ಮುದುಕಿ ಬಾಸಿಲಿಸಾ ಸೆರಗಿನಂತೆ ಹೊದ್ದ ಬಟ್ಟೆಯೊಳಗಿಂದ ಒಂದು ಕೋಳಿಮರಿ ತೆಗೆದು ಪೆಟ್ಟಿಗೆಯ ಗಾಜಿನ ಮೇಲೆ ಬಿಟ್ಟು ನಾಲ್ಕು ಕಾಳು ಜೋಳ ಹಾಕಿದಳು. ಮರಿ ಗಾಜನ್ನು ಟಕ್ ಟಕ್ ಕುಕ್ಕಿತು. ಇಸ್ಪೀಟು ಆಡುತ್ತಿದ್ದವರು ತಲೆಯೆತ್ತಿ ನೋಡಿದರು.

“ಏನಜ್ಜೀ, ತಲೆ ನೆಟ್ಟಗಿದೆಯಾ?” ಒಬ್ಬ ಗದರಿದ. “ಮರಿ ಬಿಡೋದು ಕೊಲೆಯಾದವರ ಪೆಟ್ಟಿಗೆ ಮೇಲೆ. ಅದು ಕುಕ್ಕಿದಂಗೆಲ್ಲ ಕೊಂದವನ ಎದೆ ಕುಕ್ಕುತ್ತೆ ಅಂತ. ಇವನನ್ನ ಯಾರು ಕೊಂದ್ರು? ಹಣೆಬರಹ! ತೆಗಿ, ತೆಗಿ.”

ಮುದುಕಿ ಮರಿಯನ್ನು ಎತ್ತಿಕೊಂಡು ಹೋದಳು. ಪೆಟ್ಟಿಗೆಯ ತಲೆಯ ಬಳಿ ಕೂತಿದ್ದ ತಿಬೊಗೆ ಆ ಟಕ್ ಟಕ್ ಮಾತ್ರ ನಿಲ್ಲಲಿಲ್ಲ.

ಮಣ್ಣು ಮುಗಿದ ಮೇಲೆ ಅವನು ಸೆಬುವಿನ ಅಂಗಡಿಗೆ ಹೋದ. ಕಾರ್ಖಾನೆಯ ಪಿಸ್ತೂಲನ್ನು ಕೈಗೆ ತೆಗೆದುಕೊಂಡು ಕುದುರೆಯನ್ನು ಮೆಲ್ಲಗೆ ಎಳೆದ. ನಡುವೆ ಟಿಕ್, ಕೊನೆಗೆ ಟಿಕ್. ಮತ್ತೊಮ್ಮೆ ಎಳೆದ. ಮನೆಗೆ ಬಂದು ಅಜ್ಜನನ್ನು ಪೂರ್ತಿ ಬಿಚ್ಚಿ, ಕುದುರೆಯ ಬುಡವನ್ನು ಬಿಸಿಲಿಗೆ ಹಿಡಿದು, ಭೂತಗನ್ನಡಿಯಲ್ಲಿ ನೋಡಿದ. ನಡುವಿನ ಕಚ್ಚು ಇದ್ದ ಜಾಗದಲ್ಲಿ ಸವೆದು ನುಣ್ಣಗಾದ ಒಂದು ಮೊಂಡು ಗುರುತಿತ್ತು. ಆ ಸೈನಿಕ ಕೊಡುವ ಹೊತ್ತಿಗೇ ಅದು ಸವೆದುಹೋಗಿತ್ತು. ಅಜ್ಜನೆಂದರೆ ಹಲ್ಲುದುರಿದ ಅಜ್ಜ. ಅಪ್ಪ ಬೋಳುಬಾಯಿಯ ಅಚ್ಚು ತೆಗೆದಿದ್ದ, ಮಗ ಜೀವಮಾನವಿಡೀ ಕೂದಲೆಳೆ ತಪ್ಪದಂತೆ ಬೋಳುಬಾಯಿಗಳನ್ನೇ ಮಾಡಿ ಹಂಚಿದ್ದ. ಕೈ ಇಷ್ಟು ಚೊಕ್ಕ ಇಲ್ಲದಿದ್ದರೆ ಎಲ್ಲಾದರೂ ಒಂದು ತಪ್ಪಾದರೂ ಆಗಿ ಅಳಿಯ ಉಳಿಯುತ್ತಿದ್ದನೋ ಏನೋ.

ತಿಬೊ ತಗಡಿನ ಅಚ್ಚುಗಳನ್ನೆಲ್ಲ ಸುತ್ತಿಗೆಯಿಂದ ಜಜ್ಜಿದ. ಆಮೇಲೆ ಗುಡ್ಡದ ಮನೆಮನೆಗೂ ಹೋಗಿ, “ಅಜ್ಜನ ಮಗನನ್ನ ಒಂಚೂರು ಕೊಡಿ, ಸಣ್ಣ ರಿಪೇರಿ ಇದೆ,” ಎಂದು ಕೇಳಿದ.

“ಬಿಡು ನೊಂಗ್, ಮಗ ಹುಟ್ಟೋಕೆ ಮುಂಚೆ ತಗೊಂಡಿದ್ದು, ಒಂದಿನಾನೂ ಕೈಕೊಟ್ಟಿಲ್ಲ,” ಎನ್ನುತ್ತಿದ್ದರು. “ನೀನು ಮೊದ್ಲು ಊಟ ಮಾಡು, ಹೆಂಗಾಗಿದೀಯ ನೋಡು.” ಅತ್ತ ತಿರುಗಿ, ದುಃಖಕ್ಕೆ ಪಾಪ ತಲೆ ಕೆಟ್ಟಿದೆ ಎಂದು ಪಿಸುಗುಟ್ಟುತ್ತಿದ್ದರು.

ಇದ್ದದ್ದು ಇದ್ದ ಹಾಗೆ ಹೇಳಿದ್ದರೆ ಕೊಡುತ್ತಿದ್ದರು. ಹೇಳಲು ನಾಲಿಗೆ ಏಳಲಿಲ್ಲ. ಗುಡ್ಡದಲ್ಲಿ ಆಡಿದ ಮಾತು ಮಗಳ ಕಿವಿ ಮುಟ್ಟಲು ಎಷ್ಟು ಹೊತ್ತು? ಇರುವವಳು ಅವಳೊಬ್ಬಳು. ಅವಳೂ ಬೆನ್ನು ತಿರುಗಿಸಿದರೆ ಅವನಿಗೆ ಇನ್ನು ಯಾರು? ಆದರೆ ಬಾಯಿ ಮುಚ್ಚಿಕೊಂಡು ಕೂತರೆ ಇನ್ನೊಂದು ಮನೆಯಲ್ಲಿ ಇನ್ನೊಂದು ಬೀಳುತ್ತದೆ. ಮೊದಲು ಮಗಳಿಗೆ ಹೇಳಬೇಕು, ಆಮೇಲೆ ಊರಿಗೆ ಎಂದು ಕೊನೆಗೆ ಗಟ್ಟಿ ಮಾಡಿಕೊಂಡ.

ನಲವತ್ತನೆಯ ದಿನ ಬಂತು, ಸತ್ತವರ ಜೀವ ಮನೆ ಬಿಟ್ಟು ಹೊರಡುವ ದಿನ. ಸಿಮಾ ತೆಂಗಿನಗರಿಯಲ್ಲಿ ಕಟ್ಟಿ ಅನ್ನ ಬೇಯಿಸಿ, ಗಂಡನಿಗೊಂದು ತಟ್ಟೆ ಬಡಿಸಿಟ್ಟಿದ್ದಳು. ಪ್ರಾರ್ಥನೆಗೆ ಬಂದವರೆಲ್ಲ ಉಂಡು ಹೋದ ಮೇಲೆ ತಿಬೊ ಬಿಚ್ಚಿದ ಅಜ್ಜನನ್ನು ತಂದು ಆ ತಟ್ಟೆಯ ಪಕ್ಕದಲ್ಲಿ ಸುರಿದ.

“ಮಗಾ, ಇದರ ಕಚ್ಚು ಸವೆದಿತ್ತು. ನಮ್ಮಪ್ಪನಿಗೂ ಗೊತ್ತಾಗ್ಲಿಲ್ಲ, ನಂಗೂ ಗೊತ್ತಾಗ್ಲಿಲ್ಲ. ಎಲ್ಲಾ ಪಿಸ್ತೂಲಿಗೂ ಅದೇ ಬಂತು. ಅವನದ್ದಕ್ಕೂ,” ಎಂದ. “ತಪ್ಪು ಅಜ್ಜನದು ಕಣೇ. ಅಸಲಿನಲ್ಲೇ ಇತ್ತು.”

ಸಿಮಾ ಗಂಡನ ಅನ್ನದ ಮೇಲೆ ಕೂತಿದ್ದ ನೊಣ ಓಡಿಸಿದಳು.

“ಅಜ್ಜನಿಗೆ ಬಾಯಿರಲಿಲ್ಲ ಅಪ್ಪ,” ಎಂದಳು. “ಅವರಿಗಿತ್ತು. ಅವರು ಹೇಳಿದ್ರು. ನಾನು ಮೀನು ಸುಡ್ತಾ ಕೇಳಿಸ್ಕೊಂಡೆ.”

ತಿಬೊ ಬಿಡಿಭಾಗಗಳನ್ನು ಒಂದೊಂದಾಗಿ ಒಟ್ಟುಗೂಡಿಸತೊಡಗಿದ. ಅವಳೇ ಮತ್ತೆ ಬಾಯಿ ತೆರೆದಳು.

“ಆ ಮರಿ ತರೋಕೆ ಬಾಸಿಲಿಸಾ ಅಜ್ಜಿಗೆ ಹೇಳಿದ್ದು ನಾನೇ.”

ಅಷ್ಟು ಹೇಳಿ, ಇನ್ನೊಂದು ತಟ್ಟೆ ತಂದು, ಅಪ್ಪನಿಗೆ ಅನ್ನ ಬಡಿಸಿದಳು.